ಆಣೆಗೆ ಅವರು ಆರಿಸಿದ ಹೆಸರು

ಅಕ್ರೋಟು ಮರದ ಕೆಳಗೆ ಊರ ಹಿರಿಯರ ಪಂಚಾಯ್ತಿ, ಜಿರ್ಗಾ, ಸುತ್ತಾಗಿ ಕೂತಿತ್ತು. ನಾನೂ ಅಜ್ಜಿಯೂ ಮಾಳಿಗೆಯಿಂದ ನೋಡುತ್ತಿದ್ದೆವು. ಎಲೆಗಳ ಸಂದಿಯಿಂದ ಬಿಸಿಲು ಹನಿಹನಿಯಾಗಿ ರುಮಾಲುಗಳ ಮೇಲೆ ಬೀಳುತ್ತಿತ್ತು. ಹಿರಿಯರೆಲ್ಲ ಕೊಳದ ತಳದಲ್ಲಿ ಕೂತು ಮಾತಾಡುವವರಂತೆ ಕಾಣುತ್ತಿದ್ದರು.

ಜಗಳವೂ ಅದೇ ಮರದ್ದು. ನಮ್ಮ ಹೊಲಕ್ಕೂ ಬಾಜ್‌ಮೀರನ ಹೊಲಕ್ಕೂ ನಡುವೆ ಅದು ನಿಂತಿದೆ. ನನ್ನ ಕಾಕಾ ದರ್ವೇಜ್ ಕಾಯಿ ಬಡಿಯಲು ಹೋದ ದಿನ ಎರಡೂ ಕಡೆ ಬಂದೂಕು ಎದ್ದಿದ್ದವು. ಮರ ನೆಟ್ಟವರು ಯಾರೆಂದು ಕೇಳಿದಾಗಲೆಲ್ಲ ಅಜ್ಜಿ, "ಒಬ್ಳು ಪರಿ, ರೆಕ್ಕೆ ಇರೋ ಕಿನ್ನರಿ, ಹಾರ್ಕೊಂಡು ಹೋಗ್ತಾ ಕಿವಿಯೋಲೆ ಬೀಳಿಸಿದ್ಳು, ಅದೇ ಮೊಳೀತು" ಅನ್ನುತ್ತಿದ್ದಳು. ನಾನು ನಂಬಿದ್ದೆ.

ಜಿರ್ಗಾ ತೀರ್ಮಾನ ಹೇಳಿತು: ಮರ ನಮ್ಮಜ್ಜ ನೆಟ್ಟದ್ದೆಂದು ನಮ್ಮ ಮನೆಯ ಒಬ್ಬ ಗಂಡಸು ಕುರಾನ್ ಮುಟ್ಟಿ ಆಣೆ ಮಾಡಿದರೆ ಅದು ನಮ್ಮದು, ಇಲ್ಲದಿದ್ದರೆ ಅವರದು. ಆ ಗಂಡಸು ಯಾರೆಂದು ಆರಿಸುವವರು ಮಾತ್ರ ಎದುರಿನವರು.

"ದರ್ವೇಜ್ ಬೇಡ್ರಪ್ಪ," ಅಂದ ಬಾಜ್‌ಮೀರ್. "ಕತ್ತೇನ ಕುದುರೆ ಅಂತ ಆಣೆ ಹಾಕೋ ಆಸಾಮಿ."

ಹಿರಿಯರು ಗಡ್ಡದೊಳಗೇ ನಕ್ಕರು.

"ಅವನಣ್ಣ ಶಮ್‌ರೋಜ್ ಮಾಡ್ಲಿ. ಅವನು ಹೇಳಿದ್ರೆ ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ಶಮ್‌ರೋಜ್ ನನ್ನ ಅಪ್ಪ. ಅಜ್ಜಿಯ ಬೆರಳಲ್ಲಿ ಜಪಮಣಿ ನಿಂತುಹೋಯಿತು. "ಬೇರೆ ಯಾರೂ ಸಿಗ್ಲಿಲ್ವಾ ಇವರಿಗೆ," ಎಂದು ಪಿಸುಗುಟ್ಟಿದಳು. "ಆ ಸಸಿ ನೆಟ್ಟು ಮಣ್ಣು ಮುಚ್ಚಿದ್ದು ಬಾಜ್‌ಮೀರನ ಅಪ್ಪ ಕಣೇ. ಬಾಜ್‌ಮೀರ್ ಆಗ ತೊಟ್ಟಿಲಲ್ಲಿದ್ದ, ನಿನ್ನ ಕಾಕಾ ಹುಟ್ಟೇ ಇರ್ಲಿಲ್ಲ. ಈಗಿರೋ ಗಂಡಸರಲ್ಲಿ ನೋಡಿದ್ದು ನಿನ್ನಪ್ಪ ಒಬ್ಬನೇ."

ಪರಿ ನನ್ನ ಕಣ್ಣ ಮುಂದೆಯೇ ಮೆಲ್ಲಗೆ ಕರಗಿಹೋದಳು.

"ಮುಟ್ಟಣ್ಣ," ಕಾಕಾ ಕೂಗಿದ. "ಹಿಂದೇಟು ಹಾಕಿದ್ರೆ ಇವತ್ತಿಂದ ನಂಗೆ ಅಣ್ಣ ಇಲ್ಲ."

ಅಪ್ಪ ಕೈ ತೊಳೆದು ಬಂದ. ಹಸಿರು ಬಟ್ಟೆಯಲ್ಲಿದ್ದ ಗ್ರಂಥದತ್ತ ಕೈ ಚಾಚಿದ. ಕೈ ನಡುವೆಯೇ ನಿಂತಿತು. ಅದರ ಮೇಲೆ ಎಲೆಯ ನೆರಳೊಂದು ಮೀನಿನಂತೆ ಅತ್ತಿತ್ತ ಆಡಿತು.

"ನನ್ನಿಂದ ಆಗಲ್ಲ," ಅಂದ ಅಪ್ಪ. "ಸಸಿ ಹಿಡ್ಕೊಂಡು ನಿಂತಿದ್ದು ನಾನೇ. ನೆಟ್ಟಿದ್ದು ಅವರಪ್ಪ."

ಮರ ಬಾಜ್‌ಮೀರನದಾಯಿತು; ಹಿರಿಯರು ದುವಾ ಪ್ರಾರ್ಥನೆಗೆ ಕೈ ಎತ್ತಿದರು. ಕಾಕಾ ಎತ್ತಲಿಲ್ಲ, ಎದ್ದು ನಡೆದುಬಿಟ್ಟ.

ಮರುದಿನ ಬೆಳಗ್ಗೆ ಅವನು ಮನೆ ಎರಡು ಮಾಡಲು ಅಂಗಳದ ನಡುವೆ ಗೋಡೆ ಎಬ್ಬಿಸಲು ಶುರುಮಾಡಿದ. ಅಪ್ಪ ಅಂಗಿಯ ತೋಳು ಮಡಚಿ, ಹುಲ್ಲು ಬೆರೆಸಿ ಮಣ್ಣು ತುಳಿದು, ಮುದ್ದೆ ಮಾಡಿ ಕೊಟ್ಟ. ಕಾಕಾ ಮುಖ ನೋಡದೆ ಇಸಿದುಕೊಂಡ. ಒಬ್ಬ ಕೊಡುವುದು, ಇನ್ನೊಬ್ಬ ಮೆತ್ತುವುದು. ಮಂಜಿನಲ್ಲಿ ಇಬ್ಬರೂ ಒಂದೇ ಕನಸು ಕಾಣುತ್ತಿರುವಂತಿತ್ತು. ಮಧ್ಯಾಹ್ನಕ್ಕೆ ಗೋಡೆ ಮೊಣಕಾಲೆತ್ತರವಾಗಿ ಅಜ್ಜಿಯ ತಂದೂರಿನ ಬಾಯಿಗೆ ಬಂದು ಮುಟ್ಟಿತು.

"ಕಟ್ಟಪ್ಪಾ, ಕಟ್ಟು," ಅಂದಳು ಅಜ್ಜಿ, ಹಿಟ್ಟಿನ ಕೈಯಲ್ಲೇ. "ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಹಾಕ್ಕೊಂಡು ಗೋಡೆ ಮೇಲೆ ಸವಾರಿ ಕೂತು ರೊಟ್ಟಿ ಸುಡ್ತೀನಿ. ಊರೋರು ನೋಡಿ ನಗ್ಲಿ."

ಕಾಕಾ ತಂದೂರನ್ನು ಬಹಳ ಹೊತ್ತು ನೋಡಿದ. ಅಪ್ಪ ಚಾಚಿದ ಮಣ್ಣಿನ ಮುದ್ದೆಯನ್ನು ಇಸಿದುಕೊಳ್ಳಲಿಲ್ಲ.

"ಸಾಕು," ಅಂದ, ಗೋಡೆಯ ಮೇಲೇ ಕೂರುತ್ತ. "ಹಸಿವಾಗ್ತಿದೆ."