ಕುಳಿತುಕೊಳ್ಳದ ಇಷ್ರತ

ಇಷ್ರತ ಕುಳಿತದ್ದನ್ನು ಕಂಡವರು ವಿರಳ. ಗಜೇಂದ್ರಗಡದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬರುತ್ತಾಳೆ. ನನ್ನ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಒರಗಿಯೇ ಚಹಾ ಮುಗಿಸುತ್ತಾಳೆ. ಮದುವೆಯ ಊಟದಲ್ಲೂ ತಟ್ಟೆ ಹಿಡಿದು ಕುಳಿತವರ ಸುತ್ತ ತಿರುಗುತ್ತಾ, ಎಲ್ಲರ ಯೋಗಕ್ಷೇಮ ವಿಚಾರಿಸುತ್ತಾ, ನಾನು ಮುಟ್ಟಬಾರದ ಜಿಲೇಬಿಯನ್ನು ನನ್ನ ಕಣ್ಣೆದುರಿಗೇ ತಿಂದು ಕೈ ತೊಳೆಯುತ್ತಾಳೆ. ಸಕ್ಕರೆ ಕಾಯಿಲೆ ನನಗಿದೆ, ಅವಳಿಗಿಲ್ಲ. ಈ ಅನ್ಯಾಯವನ್ನು ಹೇಗೋ ಸಹಿಸಬಹುದಿತ್ತು, ನಾವಿಬ್ಬರೂ ಅವಳಿಗಳಲ್ಲದಿದ್ದರೆ.

ನನಗಿಂತ ತುಸು ಹೊತ್ತು ಮೊದಲು ಹುಟ್ಟಿದವಳು ಅವಳು. ಅದೇ ಮೂಗು, ಅದೇ ಗದ್ದ. ಚಿಕ್ಕಂದಿನಲ್ಲಿ ಅಮ್ಮಿಯೇ ಗುರುತು ತಪ್ಪುತ್ತಿದ್ದಳು. ಈಗ ರೋಣದ ಸಂತೆಯಲ್ಲಿ ಜನ ಕೇಳುತ್ತಾರೆ: "ಶಹನಾಜ ಟೀಚರ್ರ, ಇವರು ನಿಮ್ಮ ತಂಗೀನ್ರಿ?" ಇಷ್ರತ ಅದನ್ನು ತಿದ್ದುವುದಿಲ್ಲ. ತೀರಿಹೋದ ಗಂಡನ ಕಂದು ಕೋಟನ್ನು ಸೀರೆಯ ಮೇಲೆ ತೊಟ್ಟು, ಜೇಬಿನ ತುಂಬ ಹುರಿದ ಶೇಂಗಾ ತುಂಬಿಕೊಂಡು, ಗಜೇಂದ್ರಗಡದ ನೇಕಾರರ ಸೀರೆಗಂಟನ್ನು ಹೆಗಲಿಗೇರಿಸಿ, ಸೂಡಿ, ಲಕ್ಕಲಕಟ್ಟಿಯಂಥ ಹಳ್ಳಿಗಳಿಗೆ ನಡೆದೇ ಹೋಗಿ ಮಾರಿ ಬರುವ ಅವಳದು, ಹಿಮ್ಮಡಿ ನೆಲಕ್ಕೆ ತಾಗೀತೋ ಇಲ್ಲವೋ ಎಂಬಂಥ ಅವಸರದ ನಡಿಗೆ. ನನ್ನೊಡನೆ ಅವಳ ಮಾತೆಲ್ಲ ಉರ್ದು; ಚುಚ್ಚುವುದಕ್ಕೆ ಮಾತ್ರ ಕನ್ನಡ, ಬಹುಶಃ ನಾನು ಕನ್ನಡ ಕಲಿಸುವವಳೆಂಬ ಗೌರವಕ್ಕೆ. ಒಮ್ಮೆ ಅವಳು ಸ್ನಾನಕ್ಕೆ ಹೋದಾಗ ಆ ಕೋಟನ್ನು ತೊಟ್ಟು ನೋಡಿದೆ. ಗುಂಡಿಗಳು ಕಾಜಿನ ಹತ್ತಿರವೂ ಸುಳಿಯಲಿಲ್ಲ.

ಎರಡು ಸಾವಿರದ ಎಂಟರಲ್ಲಿ ನನ್ನ ಎಡಗಾಲಿನ ಬೆರಳುಗಳು ಜೋಮು ಹಿಡಿಯತೊಡಗಿದವು. ನಮ್ಮ ಅಮ್ಮಿ ರಮಜಾನಬಿಗೂ ಹೀಗೆಯೇ ಶುರುವಾಗಿ, ಕೊನೆಗೆ ಆ ಕಾಲನ್ನೇ ತೆಗೆದಿದ್ದರು. ಅದೇ ವರ್ಷ ಅವಳಿಗಳನ್ನು ಹುಡುಕುತ್ತಾ ಹುಬ್ಬಳ್ಳಿಯಿಂದ ಬಂದ ವೈದ್ಯೆಯೊಬ್ಬರು ನಮ್ಮಿಬ್ಬರ ರಕ್ತವನ್ನೂ ಎಂಜಲನ್ನೂ ಪರೀಕ್ಷೆಗೆ ಒಯ್ದರು. ಅವರ ಬಾಯಿಂದ ನನಗೆ ಬೇಕಾಗಿದ್ದುದು ಒಂದೇ ಮಾತು: ಇಷ್ರತ ಹುಟ್ಟುವಾಗಲೇ ಒಳ್ಳೆಯ ರಕ್ತ ಪಡೆದು ಬಂದವಳು.

ತಿಂಗಳುಗಳ ಮೇಲೆ ಮತ್ತೆ ಬಂದ ವೈದ್ಯೆ ಆ ಮಾತು ಹೇಳಲಿಲ್ಲ. "ಇಬ್ಬರ ವಂಶವಾಹಿನೂ ಒಂದೇ ಅದಾವ್ರಿ. ನಿಮ್ಮ ತಾಯಿ ಕಾಯಿಲೆ ಇಬ್ಬರಿಗೂ ಬರಬಹುದಿತ್ತು. ಆದರ ಅದರ ಮ್ಯಾಲೆ ಬದುಕು ಹಾಕಿದ ಗುರುತು ಬ್ಯಾರೆ ಬ್ಯಾರೆ." ಆ ಗುರುತುಗಳನ್ನು ಪೂರ್ತಿ ಓದಲು ಇನ್ನೂ ಯಾರಿಗೂ ಬಂದಿಲ್ಲವೆಂದರು. ಆದರೂ ನನಗೆ ರೊಟ್ಟಿ ಕಡಿಮೆ ಮಾಡಿ, ಕಾಳುಪಲ್ಯ ಹೆಚ್ಚಿಸಿ, ಉಂಡ ಮೇಲೆ ತಪ್ಪದೆ ನಡೆಯಬೇಕೆಂದರು. ಇಷ್ರತಳಿಗೆ, "ನೀವು ಹಿಂಗ ಇರ್ರಿ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು.

ವೈದ್ಯೆ ಹೋದ ಮೇಲೆ ತಡೆಯಲಾಗದೆ ಅಂದೆ: "ನಿನಗೇನವಾ, ನಿನ್ನ ನಸೀಬ ಚಲೋ ಐತಿ."

"ನಸೀಬ ಇಬ್ಬರದೂ ಒಂದ ಅಂತ ಈಗಷ್ಟ ಹೇಳಿ ಹೋದರಲ್ಲ," ಎಂದಳು ಇಷ್ರತ, ಚೌಕಟ್ಟಿಗೆ ಒರಗಿ ಶೇಂಗಾ ಜಗಿಯುತ್ತಾ. ಆಮೇಲೆ ಜಗಿಯುವುದು ನಿಂತಿತು. "ಅಮ್ಮಿ ಕಾಲ ತಗದ ದಿನದಿಂದ ನನಗ ಕುಂದರಾಕ ಅಂಜಿಕಿ ಶಹನಾಜ. ಎದ್ದಾಗ ಕಾಲ ಇರತಾವೋ ಇಲ್ಲೋ ಅಂತ."

ಅಷ್ಟು ವರ್ಷ ಅವಳ ಸೊಗಸೆಂದು ನಾನು ಕರುಬಿದ್ದು ಅವಳ ಭಯವನ್ನು ಕಂಡು. ಅಮ್ಮಿಯ ಕಾಲು ತೆಗೆದ ದವಾಖಾನೆಯಲ್ಲಿ, ಅದೇ ದಿನ, ಅದೇ ಭಯ ನನಗೂ ತಗಲಿತ್ತು; ಅದು ಅವಳನ್ನು ಎಬ್ಬಿಸಿತು, ನನ್ನನ್ನು ಕೂರಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣ ಅವಳ ಭಯದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಈಗ ಉಂಡ ಮೇಲೆ ನಡೆಯುತ್ತೇನೆ. ಅವಳು ಬಂದ ದಿನ ಆ ಕಂದು ಕೋಟಿನ ಬೆನ್ನು ನೋಡುತ್ತಾ, ಏದುತ್ತಾ, ಹಿಂದೆ. ಪರರ ಸೌಭಾಗ್ಯವನ್ನು ನಸೀಬಿನ ಮೇಲೆ ಹೊರಿಸಿ ಹಗುರಾಗುವುದು ನಮ್ಮಂಥವರ ರೂಢಿ. ಇಷ್ರತಳಂಥವರು ಅದಕ್ಕೂ ಆಸ್ಪದ ಕೊಡುವುದಿಲ್ಲ. ನಾವು ಹೇಗಿರಬಹುದಿತ್ತೋ ಹಾಗೆ, ನಮ್ಮದೇ ಮುಖ ಹೊತ್ತು, ನಮ್ಮ ಮುಂದೆಯೇ ನಡೆದುಹೋಗುತ್ತಾರೆ. ಅಂಥವರನ್ನು ಪ್ರೀತಿಸದೆ ಇರಲಾಗುವುದಿಲ್ಲ, ಕ್ಷಮಿಸಲೂ ಆಗುವುದಿಲ್ಲ.