ಗಂಟಿನ ಕಲ್ಲು

ನಮ್ಮ ಕಸುಬಿನಲ್ಲಿ ಗುಡಿಗೆ ಪಾದ, ತೊಡೆ, ಮೈ, ಕುತ್ತಿಗೆ, ತಲೆಬುರುಡೆ ಎಲ್ಲ ಉಂಟು. ದೇವರ ಮೇಲೆ ನೆಟ್ಟಗೆ ಏಳುವ ದೇಉಳ ಗಂಡು. ಅದರ ಮುಂದೆ ತಗ್ಗಾಗಿ ಕೂರುವ ಮಂಟಪ, ಜಗಮೋಹನ, ಹೆಣ್ಣು. ಎರಡನ್ನೂ ಕೂಡಿಸುವ ಕಲ್ಲು ಮದುವೆಯ ಸೆರಗುಗಂಟು. ಅದನ್ನು ಗಂಡಹೆಂಡತಿ ಸೆರಗು ಗಂಟು ಹಾಕಿಕೊಂಡೇ ಇಡಬೇಕು. ಹೆಂಡತಿ ಸತ್ತವನು ಆಗ ಹತ್ತಿರವೂ ನಿಲ್ಲಬಾರದು. ನಮ್ಮ ಮಹಾರಣಾ ಮನೆತನದ ಪದ್ಧತಿ ಇದು.

ಪ್ರಾಚಿ ನದಿ ದಡದ ಈ ಶಿವನ ದೇಉಳವನ್ನು ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಕಟ್ಟಿದೆ. ಊರವರು ಅಷ್ಟಕ್ಕೇ ಸುಸ್ತಾದರು. ಜಗಮೋಹನವಿಲ್ಲದೆ ಅದು ಬ್ರಹ್ಮಚಾರಿಯಾಗಿ ನಿಂತಿತು. ನನ್ನ ಕೆತ್ತನೆಯ ಚಪ್ಪರ ಪಕ್ಕದಲ್ಲೇ. ಮಧ್ಯಾಹ್ನ ಹೆಂಡತಿ ಹಾರಾಮಣಿ ಪಖಾಳ ತಂದು, ದೇಉಳದ ಬಾಗಿಲೆದುರು ಬಿದ್ದಿದ್ದ ಮೂಲೆ ಮುಕ್ಕಾದ ಕಲ್ಲಿನ ಮೇಲೆ ಕೂರುತ್ತಿದ್ದಳು. ನಾನು ನೆಲದಲ್ಲಿ ಕೂತು ನೀರಲ್ಲಿ ನೆನೆಸಿದ ಆ ಅನ್ನವನ್ನು ಉಣ್ಣುತ್ತಿದ್ದೆ.

"ಗಂಡನ್ನ ಹಿಂಗೆ ಒಂಟಿ ನಿಲ್ಸಿದೀರಲ್ಲ, ಹೆಣ್ಣು ಹುಡುಕೋದು ಯಾವಾಗ?"

"ನನ್ ಪಾಡು ನೋಡಿ ಹೆದರ್ಕೊಂಡಿದಾನೆ, ಬಿಡು."

ಅವಳು ನನ್ನ ಮೇಲೆ ಈರುಳ್ಳಿ ಎಸೆಯುತ್ತಿದ್ದಳು.

ಹೋದ ಪುಷ್ಯದಲ್ಲಿ ಅವಳು ತೀರಿಕೊಂಡಳು. ಚೈತ್ರದಲ್ಲಿ ಊರವರು ಜಗಮೋಹನ ಕಟ್ಟು ಎಂದು ಬಂದರು. ನನಗೆ ಮೈ ಉರಿಯಿತು. ಅದು ಏಳಬೇಕಾದದ್ದು ಅವಳು ಕೂರುತ್ತಿದ್ದ ಜಾಗದಲ್ಲೇ. ಕಲ್ಲಿನ ಗಂಡಿಗೆ ಮದುವೆ, ನನಗೆ ಇಷ್ಟು ಜಾಗವೂ ಇಲ್ಲ ಎಂದು ಹೊಟ್ಟೆಕಿಚ್ಚುಪಟ್ಟೆ. ಆದರೂ ಕಟ್ಟಿದೆ, ಅವಳ ಹಂಬಲ ಅದಾಗಿತ್ತು. ಅವಳ ಕಲ್ಲನ್ನು ಮಾತ್ರ ಚಪ್ಪರಕ್ಕೆ ಉರುಳಿಸಿಕೊಂಡು ಬಂದೆ. ಅದರೆದುರು ಕೂತು ಉಣ್ಣುತ್ತಿದ್ದೆ.

ಗಂಟಿನ ಕಲ್ಲಿಡುವ ಹಿಂದಿನ ದಿನ ತಮ್ಮ ದಯಾನಿಧಿ ಹೆಂಡತಿಯೊಡನೆ ಬಂದ.

"ಭಾಯಿ, ನಾಳೆ ನಾನೂ ಬಸಂತೀನೂ ಕೂತ್ಕೋತೀವಿ. ನೀನು ದೂರದಿಂದ ಅಳತೆ ಹೇಳಿದ್ರೆ ಸಾಕು. ಕಲ್ಲು ಯಾವ್ದು?"

ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಡನೆ ನೇರ ಮಾತಾಡುವಂತಿಲ್ಲ. ಇಪ್ಪತ್ತು ವರ್ಷದಿಂದ ಬಸಂತಿ ಮುಸುಕಿನೊಳಗಿಂದ ಕಂಬಕ್ಕೆ ಹೇಳಿ ನನಗೆ ಕೇಳಿಸುತ್ತಾಳೆ.

"ಕಂಬವೇ, ಅಕ್ಕ ಕೂರ್ತಿದ್ದ ಕಲ್ಲು ಆಗಲ್ವಾ ಕೇಳು. ಮದುವೇಲಿ ಅಕ್ಕನೂ ಇದ್ದಂಗಾಗತ್ತೆ."

ನಾನು ರೇಗಿದೆ. "ಕಂಬವೇ, ಅದರ ಮೂಲೆ ಮುಕ್ಕಾಗಿದೆ ಅಂತ ಹೇಳು."

"ಅಕ್ಕನ ಹಲ್ಲೂ ಮುಕ್ಕಾಗಿತ್ತು. ಆಗ ಬೇಡ ಅಂದಿದ್ರಾ?" ಬಸಂತಿ ಈ ಸಲ ಕಂಬವನ್ನೇ ಮರೆತಿದ್ದಳು.

ತಮ್ಮ ನಕ್ಕ. ನಾನೂ ನಕ್ಕೆ, ನಗುತ್ತಲೇ ಅಳು ಬಂತು. ಸಂಜೆಯೊಳಗೆ ಮುಕ್ಕು ಕೆತ್ತಿ ತೆಗೆದೆ. ಕಲ್ಲು ಅಳತೆಗೆ ಸರಿಬಂತು.

ಮರುದಿನ ಅವರಿಬ್ಬರೂ ಸೆರಗು ಗಂಟು ಹಾಕಿಕೊಂಡು ಅದನ್ನಿಟ್ಟರು, ಅರಿಸಿನದ ನೀರು ಸುರಿದರು, ಹೆಂಗಸರು ಶುಭಕ್ಕೆಂದು ಉಲುಉಲು ಕೂಗಿದರು. ನಾನು ಬೇಲಿಯಾಚೆ ನಿಂತು ಅಳತೆ ಕೂಗಿದೆ. ಗಂಡು ಹೆಣ್ಣಿನ ನಡುವೆ ಕೂದಲು ತೂರುವಷ್ಟೂ ಸಂದಿ ಉಳಿಯಲಿಲ್ಲ.

ಈಗಲೂ ಮಧ್ಯಾಹ್ನ ಪಖಾಳ ಹಿಡಿದು ಚಪ್ಪರಕ್ಕೆ ಹೋಗುತ್ತೇನೆ. ಕಲ್ಲಿದ್ದ ಕಡೆ ನೆಲ ತಗ್ಗಾಗಿದೆ. ಅದರೆದುರು ಕೂರಲು ಮನಸ್ಸಾಗುವುದಿಲ್ಲ. ನಿಂತೇ ಉಣ್ಣುತ್ತೇನೆ.