ಬಲಕ್ಕೆ ಏರುವ ಏಣಿ

ನಾನು ಹೊಸೆದ ಹಗ್ಗವನ್ನು ತಪ್ಪೆಂದವರನ್ನು ಎಪ್ಪತ್ತನಾಲ್ಕು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಕಾಸರಗೋಡಿನ ಬಾಲ್ಯದಲ್ಲಿ ದನ ಕಟ್ಟುವ ಹಗ್ಗ ಹೊಸೆದು ಪಳಗಿದ ಕೈ ಇದು. ಬ್ಯಾಂಕಿನ ಉದ್ಯೋಗ ನನ್ನನ್ನು ಕೊಚ್ಚಿಗೆ ತಂದು ನೆಲೆಗೊಳಿಸಿದರೂ ಕೈಗೆ ಆ ವಿದ್ಯೆ ಮರೆತಿರಲಿಲ್ಲ. ಆದುದರಿಂದ, ಹನ್ನೆರಡನೆಯ ತರಗತಿಯ ಮೊಮ್ಮಗಳು ಇಂಚರಾ ವಿಜ್ಞಾನ ಮೇಳಕ್ಕೆಂದು ಡಿಎನ್‌ಎ ಮಾದರಿ ಮಾಡತೊಡಗಿದಾಗ, ಅದನ್ನು ತಿರುಚುವ ಕೆಲಸವನ್ನು ನಾನೇ ಕೇಳಿ ಪಡೆದೆ.

ಮಾದರಿಯೇನೋ ಸೊಗಸಾಗಿತ್ತು. ಎದೆಯೆತ್ತರದ ಚೌಕಟ್ಟಿನಲ್ಲಿ ತೆಂಗಿನ ನಾರಿನ ಎರಡು ಹಗ್ಗಗಳು. ಅವುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ನಾಲ್ಕು ಬಣ್ಣದ ಬಟ್ಟೆಯ ಪಟ್ಟಿಗಳು. ಎ ಎಂಬ ಪಟ್ಟಿಗೆ ಟಿ ಮಾತ್ರವೇ ಜೋಡಿ, ಜಿ ಎಂಬುದಕ್ಕೆ ಸಿ ಮಾತ್ರವೇ. ಮೊದಲ ಜೋಡಿಯನ್ನು ಹಿಡಿದದ್ದು ಎರಡು ಟಿಚ್ ಬಟನ್. ಎರಡನೆಯದನ್ನು ಇನ್ನಷ್ಟು ಬಿಗಿಯಾಗಿ ಹಿಡಿದದ್ದು ಮೂರು.

“ಹೊಲಿದೇ ಬಿಡಬಹುದಿತ್ತಲ್ಲ?” ಎಂದಿದ್ದೆ.

“ಬೇಡ ಅಜ್ಜ. ಜೀವಕೋಶ ಇದನ್ನು ಬಿಚ್ಚಿ ಓದಬೇಡವಾ? ಬದಿಯ ಹಗ್ಗ ಗಟ್ಟಿ, ನಡುವಿನ ಗುಂಡಿ ಸಡಿಲ. ಗುಟ್ಟು ಇರುವುದೇ ಅದರಲ್ಲಿ.”

ತಿರುವನಂತಪುರದಲ್ಲಿ ರಾಜ್ಯಮಟ್ಟದ ಸ್ಪರ್ಧೆ. ಪ್ರಥಮ ಸ್ಥಾನ ಪಡೆದವರಿಗೆ ಮಾತ್ರ ದಕ್ಷಿಣ ಭಾರತ ಮೇಳಕ್ಕೆ ಪ್ರವೇಶ. ಮೂರು ತಿಂಗಳಿಂದ ಹುಡುಗಿಗೆ ಅದೊಂದೇ ಧ್ಯಾನ. ಸಭಾಂಗಣದಲ್ಲಿ ಮಾದರಿಯನ್ನು ನಿಲ್ಲಿಸಿ, ಪೀಠದ ಸ್ಕ್ರೂ ಬಿಗಿಗೊಳಿಸುತ್ತಿದ್ದವಳ ಕೈ ಥಟ್ಟನೆ ನಿಂತಿತು. ತೀರ್ಪುಗಾರರು ಬರಲು ಇನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು.

“ಅಜ್ಜಾ! ಈ ಸ್ಕ್ರೂವಿನ ಎಳೆ ನೋಡಿ. ಎಡದಿಂದ ಬಲಕ್ಕೆ ಏರ್ತದೆ. ಡಿಎನ್‌ಎ ಹೀಗೇ ಏರಬೇಕು. ನಿಮ್ಮದು ಎಡಕ್ಕೆ ಏರ್ತಾ ಉಂಟು!”

“ಅದಕ್ಕೆಂಥದು ಗಾಬರಿ, ಮಾರಾಯ್ತಿ? ತಲೆಕೆಳಗು ಮಾಡಿದರಾಯ್ತು.”

ಚೌಕಟ್ಟನ್ನು ಎತ್ತಿ ಮಗುಚಿದೆ. ಹಗ್ಗ ಎಡಕ್ಕೇ ಏರುತ್ತಿತ್ತು. ಮತ್ತೆ ಮಗುಚಿದೆ; ಆಗಲೂ ಎಡಕ್ಕೇ. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಮಗುಚಿದೆ.

“ಇದೇನು ದೋಸೆಯಾ ಅಜ್ಜ, ಮಗುಚಿದ ಕೂಡಲೇ ಸರಿಯಾಗಲಿಕ್ಕೆ? ಗಂಟು ಬಿಚ್ಚಿ, ಬೇಗ!”

ಬಿಚ್ಚಿದೆ. ನನ್ನ ಆರು ಸುತ್ತುಗಳೂ ಕಳಚಿ, ಏಣಿ ನೆಟ್ಟಗಾಯಿತು. ಮೇಲಿನ ತುದಿಯನ್ನು ನಾನು ಹಿಡಿದೆ, ಕೆಳಗಿನದನ್ನು ಅವಳು ವಿರುದ್ಧ ದಿಕ್ಕಿಗೆ ತಿರುಚತೊಡಗಿದಳು. ನಾಲ್ಕು ಸುತ್ತಾಗುವಷ್ಟರಲ್ಲಿ ಕೆಳಗಿನ ಗುಂಡಿಗಳು ಟಪಟಪನೆ ಬಿಟ್ಟುಕೊಂಡವು. ಸರಿಯಾಗಿ ಆ ಗಳಿಗೆಯಲ್ಲೇ ತೀರ್ಪುಗಾರ್ತಿ ಪ್ರೊಫೆಸರ್ ಆಯೇಷಾ ಎದುರು ಬಂದು ನಿಂತರು.

“ಇದೇನು ಮೋಳೇ, ಅರ್ಧ ಬಿಚ್ಚಿಕೊಂಡಿದೆಯಲ್ಲ?” ಎಂದು ಮಗಳನ್ನು ಕರೆಯುವಂತೆ ಮಲಯಾಳದಲ್ಲಿ ಕೇಳಿದರು.

ಸಾಗಿಸುವಾಗ ಸಡಿಲವಾಯಿತೆಂಬ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿತ್ತು. ಇಂಚರಾ ಅದಕ್ಕೆ ಎಡೆಗೊಡಲಿಲ್ಲ.

“ತಪ್ಪಾಗಿ ಎಡಕ್ಕೆ ತಿರುಚಿದ್ದೆವು, ಮ್ಯಾಡಂ. ಸರಿಮಾಡ್ತಾ ಇದ್ದೇವೆ. ಆದರೆ ಈಗ ಬಂದದ್ದು ಒಳ್ಳೆಯದೇ ಆಯಿತು. ಕೋಶ ಎರಡಾಗುವ ಮೊದಲು ಡಿಎನ್‌ಎ ಹೀಗೇ ಬಿಚ್ಚಿಕೊಳ್ತದೆ. ಈ ಬದಿಯಲ್ಲಿ ಎ ಇದ್ದರೆ ಎದುರಿಗೆ ಬರಬೇಕಾದ್ದು ಟಿ. ಹಾಗಾಗಿ ಒಂದೊಂದು ಹಗ್ಗವೂ ತನ್ನ ಜೋಡಿಯನ್ನು ಹೊಸದಾಗಿ ಕಟ್ಟಿಸಿಕೊಳ್ತದೆ!”

ತಪ್ಪು ನನ್ನದು; ಅವಳು ‘ತಿರುಚಿದ್ದೆವು’ ಎಂದಿದ್ದಳು. ಆಯೇಷಾ ಅವರು ತಲೆದೂಗಿ, ಕಣ್ಣು ಕಿರಿದಾಗಿಸಿ ಮತ್ತೊಂದು ಪ್ರಶ್ನೆ ಎಸೆದರು.

“ಎಡಕ್ಕೆ ತಿರುಚಿದ್ದನ್ನು ಸರಿಮಾಡಲು ಇಷ್ಟೆಲ್ಲ ಬಿಚ್ಚುವುದೇಕೆ? ತಲೆಕೆಳಗು ಮಾಡಿದರೆ ಸಾಕಿತ್ತಲ್ಲ?”

“ಸಾಲದು!” ಎಂದು ನಾನು ಕೂಗಿಬಿಟ್ಟೆ. “ಮೂರು ಸಲ ಮಗುಚಿ ನೋಡಿದ್ದೇನೆ!”

ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು. ಆಯೇಷಾ ಅವರು ನಗು ತಡೆಯಲಾರದೆ, “ಅಪ್ಪೂಪ್ಪಾ, ಅಂಕ ಮೊಮ್ಮಗಳಿಗೆ, ನಿಮಗಲ್ಲ. ಯಾಕೆ ಸಾಲದು? ನೀನು ಹೇಳು ಮೋಳೇ,” ಎಂದರು.

ಇಂಚರಾ ಮೇಜಿನ ಮೇಲಿದ್ದ ಬಿಡಿ ಸ್ಕ್ರೂವನ್ನೆತ್ತಿ, ಮೊದಲು ತಲೆ ಮೇಲಾಗಿ, ಆಮೇಲೆ ತಲೆ ಕೆಳಗಾಗಿ ಹಿಡಿದಳು.

“ಯಾವ ತುದಿಯಿಂದ ನೋಡಿದರೂ ಏರುವುದು ಬಲಕ್ಕೇ, ಮ್ಯಾಡಂ. ಕನ್ನಡಿಯಲ್ಲಿ ಮಾತ್ರ ಎಡಕ್ಕೆ ಕಾಣ್ತದೆ.”

“ಉಳಿದ ಸುತ್ತುಗಳನ್ನು ನನ್ನೆದುರಿಗೇ ಹಾಕಿ,” ಎಂದರು ಅವರು. ಗುಂಡಿಗಳು ಒಂದೊಂದಾಗಿ ಚಿಟಿಕ್ಕೆಂದು ಕೂಡಿಕೊಂಡವು. ಆರನೆಯ ಸುತ್ತಿಗೆ ಏಣಿ ಬಲಕ್ಕೆ ಏರಿ ನಿಂತಿತು.

ಸಂಜೆ ಪ್ರಥಮ ಸ್ಥಾನಕ್ಕೆ ಕರೆದದ್ದು ಇಂಚರಾಳ ಹೆಸರನ್ನೇ. ನಾನು ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಕೂರಬೇಕೆಂಬುದು ನೆನಪಾಗಲು ಬಹಳ ಹೊತ್ತು ಹಿಡಿಯಿತು.

ಕೊಚ್ಚಿಗೆ ಮರಳುವ ರೈಲಿನಲ್ಲಿ ಅವಳು ಕೇಳಿದಳು: “ದಕ್ಷಿಣ ಭಾರತ ಮೇಳಕ್ಕೂ ಬರ್ತೀರಲ್ಲ ಅಜ್ಜ? ಬಾಯಿಗೆ ಎರಡು ಟಿಚ್ ಬಟನ್ ಹಾಕಿಕೊಂಡು ಬನ್ನಿ.”

“ಎರಡು ನಿಲ್ಲಲಿಕ್ಕಿಲ್ಲ, ಮಗಾ,” ಎಂದೆ. “ಮೂರು ಹಾಕು.”